ಸೂಪರ್ ಮಾರ್ಕೆಟ್ ಓಣಿಯ ಝೆರಾಕ್ಸ್ ಅಂಗಡಿ, ದಾವಾವೊದ ಕೋಡಾಕ್

ಕಲಬುರಗಿಯಲ್ಲಿ ಝೆರಾಕ್ಸ್ ಅಂಗಡಿಗೇನು ಬರವಿಲ್ಲ. ಮಿನಿ ವಿಧಾನಸೌಧದ ಸುತ್ತಮುತ್ತ ಹೆಜ್ಜೆಗೊಂದು ಸಿಗುತ್ತವೆ. ಆದರೆ ಅಲ್ಲಿ ತೆಗೆಸಿದ ಕಾಗದ ಆಫೀಸಿನ ಕಿಟಕಿಯಿಂದ ವಾಪಸ್ ಬರಬಾರದು ಅನ್ನುವ ಕಾಳಜಿ ಇಟ್ಟುಕೊಂಡು ಕೆಲಸ ಮಾಡುವವರು ಕಡಿಮೆ. ಅಂಥ ಒಂದು ಅಂಗಡಿ ಸೂಪರ್ ಮಾರ್ಕೆಟ್‌ನ ಒಳಓಣಿಯಲ್ಲಿದೆ. ಬೋರ್ಡಿನ ಮೇಲೆ ‘ಝೆರಾಕ್ಸ್’ ಅನ್ನೋದು ಮೊಳದುದ್ದ ಅಕ್ಷರದಲ್ಲಿದೆ. ಅದರ ಕೆಳಗೆ ‘ಫೋಟೋ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ’ ಅಂತಿದೆ. ಅಂಗಡಿಯ ಸ್ವಂತ ಹೆಸರು ಬಿಸಿಲಿಗೆ ಮಾಸಿ ಹೋಗಿದೆ. ಓಣಿಯವರೆಲ್ಲ ‘ಕಾಕಾನ ಅಂಗಡಿ’ ಅಂತಲೇ ಕರೆಯುತ್ತಾರೆ. ಮಷಿನ್ ಮುಂದೆ ಕಾಕಾ ಇರುತ್ತಾರೆ. ಫೋಟೋ ಮತ್ತು ಕಂಪ್ಯೂಟರ್ ಅವರ ಸೊಸೆಯ ಕೈಯಲ್ಲಿ.

ನಾನು ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಕಾಗದ ಅಂದರೆ ನನಗೆ ಜಾಸ್ತಿನೇ ಅಕ್ಕರೆ. ಮಗಳು ಡಾಕ್ಟರ್ ಓದಲಿಕ್ಕೆ ಫಿಲಿಪೈನ್ಸ್‌ನ ದಾವಾವೊಗೆ ಹೊರಟಾಗ ಮನೆಯ ಟ್ರಂಕಿನಲ್ಲಿದ್ದ ಕಾಗದವೆಲ್ಲ ಈ ಅಂಗಡಿಯ ಗಾಜಿನ ಮೇಲೆ ಮಲಗಿ ಎದ್ದಿವೆ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ನೀಟ್ ಸ್ಕೋರ್‌ಕಾರ್ಡ್, ಜನನ ಪ್ರಮಾಣಪತ್ರ, 371ಜೆ ಸರ್ಟಿಫಿಕೇಟ್, ಎಜುಕೇಷನ್ ಲೋನಿಗೆಂದು ಹೊಲದ ಪಹಣಿ. ಹಾಗಾಗಿ ಇಲ್ಲಿನ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮೊದಲು ಕಾಕಾ ಕೆಲಸ ಮಾಡುವ ರೀತಿ ಹೇಳುತ್ತೇನೆ. ಬೇರೆ ಕಡೆ ಕಾಗದದ ಕಟ್ಟು ಕೊಟ್ಟರೆ ಮೇಲಿನ ಟ್ರೇಗೆ ಇಟ್ಟು ಬಟನ್ ಒತ್ತಿಬಿಡುತ್ತಾರೆ. ಮಷಿನ್ ತಾನೇ ಒಂದೊಂದಾಗಿ ಎಳೆದುಕೊಳ್ಳುತ್ತದೆ. ಬೇಗ ಆಗುತ್ತೆ, ನಿಜ. ಆದರೆ ಹಾಗೆ ಎಳೆಯುವಾಗ ಕಾಗದ ಹಾದುಹೋಗುವ ಸಣ್ಣ ಗಾಜಿನ ಪಟ್ಟಿಯ ಮೇಲೆ ಒಂದು ಚುಕ್ಕೆ ಕಸ ಇದ್ದರೂ ಪ್ರತಿ ಕಾಪಿಯ ಮೇಲೆ ಮೇಲಿನಿಂದ ಕೆಳಗಿನ ತನಕ ಕಪ್ಪು ಗೆರೆ ಬೀಳುತ್ತದೆ. ಇನ್ನು ಮಡಿಚಿಟ್ಟ ಹಳೆ ಪ್ರಮಾಣಪತ್ರ ಆ ಟ್ರೇಯೊಳಗೆ ಸಿಕ್ಕಿಕೊಂಡರೆ ಮುಗಿದೇ ಹೋಯಿತು. ಕಾಕಾ ಅಸಲಿ ಕಾಗದವನ್ನು ಎಂದಿಗೂ ಟ್ರೇಗೆ ಹಾಕುವುದಿಲ್ಲ. ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಅಂಕಪಟ್ಟಿಯ ಮೂಲೆಯನ್ನು ಗುರುತಿಗೆ ತಾಗಿಸಿ, ಅಂಗೈಯಿಂದ ಮೆಲ್ಲಗೆ ಸವರಿ, ಆಮೇಲೆ ಮುಚ್ಚಳ ಹಾಕುತ್ತಾರೆ.

ಮೊದಲನೇ ಕಾಪಿ ಹೊರಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡುತ್ತಾರೆ. ಜನನ ಪ್ರಮಾಣಪತ್ರದ ನೀಲಿ ಸಿಕ್ಕಾ (ಮೊಹರು) ಸರಿಯಾಗಿ ಮೂಡಿರಲಿಲ್ಲ. ನಾನು ಗಮನಿಸುವ ಮೊದಲೇ ಅವರು ಅಂದರು: ‘ಸಿಕ್ಕಾ ಮಸಕ್ ಬಂದದ್ರೀ ಅಕ್ಕಾರ. ತಡೀರಿ, ಇನ್ನೊಂದ್ ತೆಗೀತೀನಿ.’ ಗಾಢ ಮಾಡಿದರೆ ಸಿಕ್ಕಾ ಬರುತ್ತದೆ, ಆದರೆ ಕಾಗದದ ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಿಳಿ ಮಾಡಿದರೆ ಹಿನ್ನೆಲೆ ಬೆಳ್ಳಗಾಗುತ್ತದೆ, ಸಿಕ್ಕಾ ಮಾಯ. ಎರಡರ ನಡುವೆ ಸರಿಯಾದ ಜಾಗ ಹುಡುಕುವಲ್ಲಿ ಒಂದಿಷ್ಟು ಹಾಳೆ ಹಾಳಾದವು. ಹಾಳಾದ ಹಾಳೆಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟೇ ಅಲ್ಲ, ಅವನ್ನು ನನ್ನ ಎದುರಿಗೇ ಹರಿದು ಡಬ್ಬಿಗೆ ಹಾಕಿದರು. ಯಾರದೋ ಆಧಾರ್ ಕಾಪಿಯಲ್ಲಿ ಕಡಲೆ ಕಟ್ಟಿಕೊಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಈಗ ದಾವಾವೊದ ವಿಷಯಕ್ಕೆ ಬರುತ್ತೇನೆ. ಈ ಅಂಗಡಿಯ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಅಲ್ಲಿಂದ ಬಂದ ಒಂದು ಮಾತಿನಿಂದ.

ದಾವಾವೊದಲ್ಲಿ ಜನ ಆಡುವ ಭಾಷೆ ಸೆಬುವಾನೊ. ಅವರೇ ಅದನ್ನು ಬಿಸಾಯ ಅನ್ನುತ್ತಾರೆ. ಸೆಬು ದ್ವೀಪ, ಬೊಹೋಲ್, ಮಿಂಡನಾವೊದ ಬಹುಭಾಗ, ಎಲ್ಲ ಕಡೆ ಇದೇ ಭಾಷೆ. ಆಡುವವರು ಸುಮಾರು 2 ಕೋಟಿ. ಒಂದು ಸಂಜೆ ಮಗಳು ವಿಡಿಯೋ ಕಾಲ್‌ನಲ್ಲಿದ್ದಾಗ ಅವಳ ಗೆಳತಿಯರು ಹಿಂದಿನಿಂದ ಫೋನ್ ಚಾಚಿ ಕೂಗಿದರು: ‘ಕೋಡಾಕಿ ಮಿ ಬಿ!’ ಏನಂದರು ಅಂತ ಕೇಳಿದೆ. ‘ಮಮ್ಮಿ, ನಮ್ಮದೊಂದ್ ಫೋಟೋ ತೆಗಿ ಅಂತಾರ. ಇಲ್ಲಿ ಫೋಟೋ ತೆಗಿಯೋದಕ್ಕ ಕೋಡಾಕ್ ಅಂತಾರ’ ಅಂದಳು. ಅವರ ಕೈಯಲ್ಲಿದ್ದದ್ದು ಮೊಬೈಲ್. ಕೋಡಾಕ್ ಕಂಪನಿಗೂ ಆ ಫೋನಿಗೂ ಯಾವ ಸಂಬಂಧವೂ ಇಲ್ಲ. ಆ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಹೆಸರು ಮಾತ್ರ ಅವರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ.

ನಾನು ಲೈಬ್ರರಿಯವಳು. ಇಂಥದ್ದು ಕಿವಿಗೆ ಬಿದ್ದ ಮೇಲೆ ಸುಮ್ನೆ ಕೂರುವುದಕ್ಕಾಗುವುದಿಲ್ಲ. ಹುಡುಕುತ್ತಾ ಹೋದೆ.

ಕೋಡಾಕ್ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲೂ ಅರ್ಥವಿಲ್ಲ. ಅಮೆರಿಕದ ರಾಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕ್ಯಾಮೆರಾಕ್ಕೆಂದು ಹುಟ್ಟಿಸಿದ ಹೆಸರು ಅದು. ಅವನಿಗೆ ಕೆ ಅಕ್ಷರದ ಮೇಲೆ ಪ್ರೀತಿ, ಬಹಳ ಗಟ್ಟಿ ಅಕ್ಷರ ಅನ್ನುತ್ತಿದ್ದ. ಹೆಸರು ಚಿಕ್ಕದಿರಬೇಕು, ಯಾರ ಬಾಯಲ್ಲೂ ಕೆಡಬಾರದು, ಬೇರೆ ಯಾವುದನ್ನೂ ನೆನಪಿಸಬಾರದು ಅನ್ನುವುದು ಅವನ ಲೆಕ್ಕ. ಆ ಮೊದಲ ಕ್ಯಾಮೆರಾದ ಬೆಲೆ 25 ಡಾಲರ್. ಒಳಗೆ 100 ಚಿತ್ರಕ್ಕಾಗುವಷ್ಟು ಫಿಲ್ಮ್ ತುಂಬಿಯೇ ಕೊಡುತ್ತಿದ್ದರು. ಅದು ಮುಗಿದ ಮೇಲೆ ಕ್ಯಾಮೆರಾವನ್ನೇ ಇಡಿಯಾಗಿ ರಾಚೆಸ್ಟರಿಗೆ ಕಳಿಸಬೇಕು. ಅವರು ಚಿತ್ರ ತೊಳೆದು, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸುತ್ತಿದ್ದರು. ‘ಬಟನ್ ನೀವು ಒತ್ತಿ, ಉಳಿದದ್ದು ನಮಗಿರಲಿ’ ಅನ್ನುವುದು ಆ ಕಾಲದ ಜಾಹೀರಾತು. 1900ರಲ್ಲಿ ಬ್ರೌನಿ ಅನ್ನುವ ಡಬ್ಬಿ ಕ್ಯಾಮೆರಾವನ್ನು ಒಂದೇ ಡಾಲರಿಗೆ ಮಾರಿದರು. ಫೋಟೋ ಅನ್ನೋದು ಸ್ಟುಡಿಯೋ ಬಿಟ್ಟು ಮನೆಗೆ ಬಂತು.

ಇದೇ ಹೊತ್ತಿಗೆ ಫಿಲಿಪೈನ್ಸ್‌ನಲ್ಲಿ ದೊರೆಗಳು ಬದಲಾದರು. 1565ರಿಂದ ಆಳಿದ್ದ ಸ್ಪೇನ್ 1898ರ ಪ್ಯಾರಿಸ್ ಒಪ್ಪಂದದಲ್ಲಿ ಆ ದ್ವೀಪಗಳನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. 1901ರ ಆಗಸ್ಟ್‌ನಲ್ಲಿ ‘ಥಾಮಸ್’ ಅನ್ನುವ ಹಡಗಿನಲ್ಲಿ ಸುಮಾರು 500 ಅಮೆರಿಕನ್ ಮೇಷ್ಟ್ರುಗಳು ಬಂದಿಳಿದರು. ಶಾಲೆಯಲ್ಲಿ ಇಂಗ್ಲಿಷ್ ಶುರುವಾಯಿತು. ಅಮೆರಿಕದವರು ಕೈಯಲ್ಲಿ ಹಿಡಿಯುವ ಕ್ಯಾಮೆರಾ ಕಂಡುಕೊಂಡ ಕಾಲ, ಅವರು ಆ ದೇಶಕ್ಕೆ ಕಾಲಿಟ್ಟ ಕಾಲ, ಎರಡೂ ಒಂದೇ. ಸೆಬುವಾನೊದಲ್ಲಿ ಚಿತ್ರಕ್ಕೆ ಸ್ಪ್ಯಾನಿಷಿನಿಂದ ಬಂದ ‘ಲಿತ್ರಾತೊ’ ಮೊದಲೇ ಇದೆ, ಅವರದೇ ಆದ ‘ಹುಲಗ್ವಾಯ್’ ಕೂಡ ಇದೆ. ಆದರೆ ಕ್ಯಾಮೆರಾ ಎತ್ತಿ ಪಟ್ ಅಂತ ಹಿಡಿಯುವ ಕೆಲಸ ಹೊಸದು. ಆ ಹೊಸ ಕೆಲಸಕ್ಕೆ ಹೊಸ ಡಬ್ಬಿಯ ಹೆಸರೇ ಅಂಟಿಕೊಂಡಿತು ಅಂತ ನನಗೆ ಅನಿಸುತ್ತದೆ.

ಇನ್ನೂ ಒಂದು ಕಾರಣ ಇದೆ. ಸೆಬುವಾನೊ ಬಾಯಿಗೆ ಇಂಗ್ಲಿಷಿನ ಎಫ್, ವಿ, ಝಡ್ ಧ್ವನಿಗಳು ಹೊರಗಿನವು. ಫ್ರಿಜಿಡೇರ್ ಅನ್ನುವ ಬ್ರ್ಯಾಂಡು ಅಲ್ಲಿ ‘ಪ್ರಿಜಿಡೇರ್’ ಆಗಿ ಎಲ್ಲ ಫ್ರಿಜ್ಜಿಗೂ ಹೆಸರಾಯಿತು. ಕೋಡಾಕ್‌ನಲ್ಲಿ ಅಂಥ ತೊಡಕೇ ಇಲ್ಲ. ಕ, ಡ, ಮತ್ತೆ ಕ. ಈಸ್ಟ್‌ಮನ್ ಬಯಸಿದ ಹಾಗೇ ಆಯಿತು, ಅವರ ಬಾಯಲ್ಲಿ ಅದು ಕೆಡಲಿಲ್ಲ. ಅಷ್ಟೇ ಅಲ್ಲ, ಅವರ ವ್ಯಾಕರಣಕ್ಕೂ ಹೊಂದಿಕೊಂಡಿತು. ಕೊನೆಗೆ ‘ಇ’ ಹಚ್ಚಿದರೆ ‘ಕೋಡಾಕಿ’, ಅಂದರೆ ಫೋಟೋ ತೆಗಿ. ಮುಂದೆ ‘ಮಗ್‌ಪಾ’ ಹಚ್ಚಿದರೆ ‘ಮಗ್‌ಪಾಕೋಡಾಕ್’, ಅಂದರೆ ಫೋಟೋ ತೆಗೆಸಿಕೊಳ್ಳುವುದು. ಆ ‘ಪಾ’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಇಸು’ ಮಾಡುತ್ತದೆ. ಮಾಡು, ಮಾಡಿಸು. ತೆಗೆ, ತೆಗೆಸು. ನಾವು ‘ಝೆರಾಕ್ಸ್ ಮಾಡಿಸು’ ಅನ್ನುವಾಗ ನಡುವೆ ‘ಮಾಡು’ ಅನ್ನುವ ಕನ್ನಡದ ಕ್ರಿಯಾಪದ ಬೇಕೇ ಬೇಕು. ಅವರು ಪರಭಾಷೆಯ ಹೆಸರಿಗೇ ನೇರವಾಗಿ ಪ್ರತ್ಯಯ ಹಚ್ಚಿಬಿಡುತ್ತಾರೆ. ಇದು ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಝೆರಾಕ್ಸ್ ಅಂದೆನಲ್ಲ, ಅದು ಹುಟ್ಟಿದ ಕಥೆಯನ್ನೂ ಆ ವಾರವೇ ಓದಿದೆ. ಚೆಸ್ಟರ್ ಕಾರ್ಲ್‌ಸನ್ ಅನ್ನುವವನು ನ್ಯೂಯಾರ್ಕಿನ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದ. ದಿನವೂ ಕಾಗದ ನಕಲು ಮಾಡಿಸಬೇಕು. ಅವನಿಗೆ ಕಣ್ಣೂ ಮಂದ, ಸಂಧಿವಾತ ಬೇರೆ. ಇದಕ್ಕೊಂದು ಉಪಾಯ ಹುಡುಕಲೇಬೇಕು ಅಂತ ಹಟ ಹಿಡಿದ. 1938ರ ಅಕ್ಟೋಬರ್ 22ರಂದು ಆಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ತಿಕ್ಕಿ, ವಿದ್ಯುತ್ ಏರಿಸಿ, ಬೆಳಕು ತೋರಿಸಿ, ಮೇಲೆ ಪುಡಿ ಉದುರಿಸಿದ. ಆವತ್ತಿನ ತಾರೀಖು ಮತ್ತು ಆಸ್ಟೋರಿಯಾ ಅನ್ನುವ ಹೆಸರು ಮೇಣದ ಕಾಗದದ ಮೇಲೆ ಮೂಡಿತು. ಜಗತ್ತಿನ ಮೊದಲ ಝೆರಾಕ್ಸ್ ಅದು. ವರ್ಷಗಟ್ಟಲೆ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದ, ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಹಾಲಾಯ್ಡ್ ಅನ್ನುವ ಫೋಟೋ ಕಾಗದದ ಕಂಪನಿ ಕೈ ಹಿಡಿಯಿತು. ಮಸಿ ಇಲ್ಲ, ನೀರಿಲ್ಲ, ಒಣ ಪುಡಿಯ ಬರಹ. ಅದಕ್ಕೇ ಗ್ರೀಕಿನಲ್ಲಿ ಒಣಗಿದ್ದು ಅನ್ನುವ ಅರ್ಥದ ‘ಝೀರೋಸ್’ ಪದದಿಂದ ಹೆಸರು ಕಟ್ಟಿದರು. 1959ರಲ್ಲಿ ‘914’ ಅನ್ನುವ ಮಷಿನ್ ಬಂತು. 9 ಇಂಚು ಅಗಲ, 14 ಇಂಚು ಉದ್ದದ ಕಾಗದ ಹಿಡಿಯುತ್ತದೆ ಅಂತ ಆ ನಂಬರು.

ಆ ಹಾಲಾಯ್ಡ್ ಕಂಪನಿ ಇದ್ದ ಊರು ಯಾವುದು ಗೊತ್ತಾ? ಅದೇ ರಾಚೆಸ್ಟರ್. ಕೋಡಾಕ್‌ನ ಊರು. ದಾವಾವೊದ ಹುಡುಗಿಯರ ‘ಕೋಡಾಕ್’, ನಮ್ಮ ಸೂಪರ್ ಮಾರ್ಕೆಟ್ ಬೋರ್ಡಿನ ‘ಝೆರಾಕ್ಸ್’, ಎರಡೂ ಒಂದೇ ಊರಿನ ಕಾರ್ಖಾನೆಗಳಿಂದ ಹೊರಟು ಬಂದ ಮಾತುಗಳು. ಇದನ್ನು ಕಾಕಾಗೆ ಹೇಳಿದೆ. ಅವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟು ‘ಖರೇನೇನ್ರಿ?’ ಅಂದರು. ಆಮೇಲೆ ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಸೊಸೆಗೂ ಹೇಳಿದರು.

ಹಾಗಾದರೆ ನಮ್ಮ ಕಡೆ ಕೋಡಾಕ್ ಯಾಕೆ ಮಾತಾಗಲಿಲ್ಲ? ನಮ್ಮ ಸೀಮೆ ನಿಜಾಮರದು. ಆರನೇ ನಿಜಾಮರ ಆಸ್ಥಾನದಲ್ಲಿ ಫೋಟೋ ತೆಗೆಯುತ್ತಿದ್ದ ರಾಜಾ ದೀನದಯಾಳ್ ಅವರು ಕೋಡಾಕ್ ಹೆಸರು ಹುಟ್ಟುವ ಮೊದಲೇ ಕೆಲಸದಲ್ಲಿ ಹೆಸರು ಮಾಡಿದ್ದರು. ಅಂದರೆ ಈ ಸೀಮೆಯ ಜನ ಸ್ಟುಡಿಯೋ ಮೊದಲು ಕಂಡರು, ಕೈ ಕ್ಯಾಮೆರಾ ಆಮೇಲೆ. ‘ಫೋಟೋ’ ಅನ್ನುವ ಮಾತು ಅಷ್ಟೊತ್ತಿಗೆ ಜಾಗ ಹಿಡಿದಿರಬೇಕು. ಕಾಗದದ ನಕಲಿನ ಕಥೆ ಬೇರೆ. ಕಚೇರಿಯಲ್ಲಿ ಕೈಯಿಂದ ಬರೆದು ಕೊಡುವ ‘ನಕಲು’ ಇತ್ತು, ಕಾರ್ಬನ್ ಇತ್ತು, ಸೈಕ್ಲೋಸ್ಟೈಲ್ ಇತ್ತು. ನಕಲು ಅನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಮುಖವೂ ಇದೆ: ಖೋಟಾ ಮಾಲು ನಕಲಿ, ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆಯುವುದೂ ನಕಲು. 1980ರ ದಶಕದಲ್ಲಿ ಮೋದಿ ಝೆರಾಕ್ಸ್ ಕಂಪನಿಯ ಮಷಿನ್‌ಗಳು ದೇಶದ ಊರೂರಿಗೆ ಬಂದಾಗ, ಅಸಲಿಗೆ ತದ್ರೂಪಾದ ಕಾಗದಕ್ಕೆ ಕಳಂಕವಿಲ್ಲದ ಒಂದು ಹೆಸರು ಸಿಕ್ಕಿತು. ಮಷಿನ್ ನಮ್ಮ ಮನೆಗಳಿಗೆ ಬರಲಿಲ್ಲ, ಬೋರ್ಡು ಓಣಿಗೆ ಬಂತು. ಜನ ಬೋರ್ಡು ಓದಿ ಮಾತು ಕಲಿತರು. ತಮ್ಮ ಹೆಸರನ್ನು ಹೀಗೆ ಕ್ರಿಯಾಪದ ಮಾಡಬೇಡಿ ಅಂತ ಅಮೆರಿಕದ ಝೆರಾಕ್ಸ್ ಕಂಪನಿ, ಅಂದರೆ ಹೆಸರು ಬದಲಿಸಿಕೊಂಡ ಅದೇ ಹಾಲಾಯ್ಡ್, ಜಾಹೀರಾತನ್ನೇ ಕೊಟ್ಟಿತ್ತು. ನಮ್ಮ ಓಣಿ ಅದನ್ನು ಕೇಳಿಸಿಕೊಳ್ಳಲಿಲ್ಲ, ದಾವಾವೊದ ಓಣಿಯೂ ಕೇಳಲಿಲ್ಲ. ಅಲ್ಲೂ ಕಾಪಿ ಮಾಡಿಸುವುದಕ್ಕೆ ಝೆರಾಕ್ಸ್ ಅಂತಲೇ ಅನ್ನುತ್ತಾರೆ.

ಬೋರ್ಡಿನ ಅಕ್ಷರ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಜೆರಾಕ್ಸ್, ಝೆರಾಕ್ಸ್, ಜರಾಕ್ಸ್. ಇಂಗ್ಲಿಷಿನ ಝಡ್‌ಗೆ ಕನ್ನಡದಲ್ಲಿ ಸ್ವಂತ ಅಕ್ಷರವಿಲ್ಲ, ಅದಕ್ಕೇ ಹೀಗೆ. ಉರ್ದು ಆಡುವ ಬಾಯಿಗೆ ಆ ಧ್ವನಿ ಸಲೀಸು. ನಮ್ಮ ಊರಿನಲ್ಲಿ ಎರಡೂ ಬಾಯಿ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ, ಹಾಗಾಗಿ ಎಲ್ಲ ಉಚ್ಚಾರವೂ ಕೇಳಲು ಸಿಗುತ್ತದೆ.

ಸರಿ, ಫೋಟೋ ಕೆಲಸದ ಬಗ್ಗೆ ಹೇಳಬೇಕು. ಪರದೆ ಕಟ್ಟಿದ ಮೂಲೆ, ಒಂದು ಸ್ಟೂಲು, ಬಿಳಿ ಹಿನ್ನೆಲೆ. ಕಾಕಾನ ಸೊಸೆ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಕಿವಿ ಕಾಣುವ ಹಾಗೆ ಕೂದಲು ಹಿಂದೆ ಸರಿಸಲು ಹೇಳುತ್ತಾಳೆ, ಗದ್ದ ಕೊಂಚ ಇಳಿಸುತ್ತಾಳೆ, ಕನ್ನಡಕದ ಮೇಲೆ ಬೆಳಕು ಹೊಳೆದರೆ ಮತ್ತೆ ತೆಗೆಯುತ್ತಾಳೆ. ಮುಖ ಬೆಳ್ಳಗೆ ಮಾಡುವ ಚಟ ಇಲ್ಲ. ಇದನ್ನು ನಾನು ದೊಡ್ಡ ಗುಣ ಅಂತ ಎಣಿಸುತ್ತೇನೆ. ಬೇರೆ ಕಡೆ ತೆಗೆಸಿದ ಮಗಳ ಫೋಟೋದಲ್ಲಿ ಅವಳ ಹಣೆಯ ಗಾಯದ ಗುರುತನ್ನೇ ಅಳಿಸಿಬಿಟ್ಟಿದ್ದರು. ಗುರುತಿನ ಫೋಟೋದಲ್ಲಿ ಗುರುತೇ ಇಲ್ಲದಿದ್ದರೆ ಹೇಗೆ? ಇಲ್ಲಿ ಇದ್ದ ಮುಖ ಇದ್ದ ಹಾಗೆ ಬಂತು. ಫಿಲಿಪೈನ್ಸ್‌ನಲ್ಲಿ ಫೋಟೋ ಅಳತೆಯನ್ನು ಇಂಚಿನಲ್ಲೇ ಹೇಳುತ್ತಾರೆ, ‘ಒನ್ ಬೈ ಒನ್’, ‘ಟೂ ಬೈ ಟೂ’ ಅಂತ. ಹೀಗೆ ಹೇಳಿದ ಕೂಡಲೇ ಅವಳಿಗೆ ತಿಳಿಯಿತು, ಸ್ಕೇಲ್ ಇಟ್ಟು ಅಳೆದು ಕತ್ತರಿಸಿಕೊಟ್ಟಳು.

ಕನ್ನಡ ಟೈಪಿಂಗ್ ಕೂಡ ಇದೆ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಬೇರೆ ಅಂಗಡಿಯಲ್ಲಿ ತೆರೆದರೆ ಅಕ್ಷರವೆಲ್ಲ ಗೊಜ್ಜಾಗಿ ಕಾಣುತ್ತದೆ. ಇಲ್ಲಿ ನುಡಿಯೂ ಇದೆ, ಯೂನಿಕೋಡೂ ಇದೆ. ವಾಟ್ಸಾಪಿನಲ್ಲಿ ಕಳಿಸಿದ ಫೈಲನ್ನು ಪ್ರಿಂಟ್ ಆದ ಮೇಲೆ ಅಳಿಸಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸುತ್ತಾರೆ.

ಕೊರತೆಗಳೂ ಇವೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರ ತನಕ ಕಾಲಿಡಲಾಗುವುದಿಲ್ಲ. ಸಾಲು ಅನ್ನುವುದೇ ಇಲ್ಲ, ಕೈ ಮುಂದೆ ಚಾಚಿದವರದು ಮೊದಲು. ಹಳ್ಳಿಯಿಂದ ಬಸ್ಸಿಳಿದು ಬಂದ ಮುದುಕರು ಹಿಂದೆ ಉಳಿದುಬಿಡುತ್ತಾರೆ. ಒಂದು ಚೀಟಿ ನಂಬರ್ ಇಟ್ಟರೆ ಎಷ್ಟೋ ಅನುಕೂಲ, ಇದನ್ನು ಕಾಕಾಗೂ ಹೇಳಿದ್ದೇನೆ. ಕರೆಂಟ್ ಹೋದರೆ ಇನ್ವರ್ಟರ್ ಕಂಪ್ಯೂಟರಿಗೆ ಮಾತ್ರ, ದೊಡ್ಡ ಮಷಿನ್ ನಿಲ್ಲುತ್ತದೆ. ಫೋಟೋ ಮೂಲೆಗೆ ಫ್ಯಾನ್ ಇಲ್ಲ, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ಗೊತ್ತಲ್ವಾ, ಪರದೆಯೊಳಗೆ ಕೂತವರ ಹಣೆ ಬೆವರಿನಿಂದ ಹೊಳೆಯುತ್ತದೆ. ಕಲರ್ ಪ್ರಿಂಟಿನಲ್ಲಿ ಕೆಂಪು ಬಣ್ಣ ಕೊಂಚ ಜಾಸ್ತಿ ಬೀಳುತ್ತದೆ. ಮದುವೆ ಕಾರ್ಡಿಗೆ ನಡೆಯುತ್ತೆ, ಪ್ರಮಾಣಪತ್ರಕ್ಕೆ ಬೇಡ.

ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯ ಇದೆ, ಅದು ಅಂಗಡಿಯ ತಪ್ಪಲ್ಲ. ಈ ಮಷಿನ್ ನಡೆಯುವುದೇ ಸ್ಥಾಯೀ ವಿದ್ಯುತ್ತಿನ ಮೇಲೆ. ಕಪ್ಪು ಪುಡಿಯನ್ನು ವಿದ್ಯುತ್ತಿನಿಂದ ಎಳೆದು ಕಾಗದಕ್ಕೆ ಹಿಡಿಸಿ, ಬಿಸಿ ಉರುಳೆಯಲ್ಲಿ ಕರಗಿಸಿ ಅಂಟಿಸುತ್ತದೆ. ಅದಕ್ಕೇ ಕಾಪಿ ಕೈಗೆ ಬೆಚ್ಚಗೆ ಬರುತ್ತದೆ. ಗಾಳಿ ಒಣಗಿದ್ದರೆ ಆ ವಿದ್ಯುತ್ ಹಾಳೆಯಲ್ಲೇ ಉಳಿದು ಎರಡು ಹಾಳೆ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಮಳೆಗಾಲದಲ್ಲಿ ತೇವದ ಕಾಗದ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಾಕಾ ಕಾಗದದ ರೀಮನ್ನು ಬಿಚ್ಚಿ, ಎರಡೂ ಕೈಯಲ್ಲಿ ಬಾಗಿಸಿ ಗಾಳಿ ಹಾಯಿಸಿ, ಅಂಚು ಕುಟ್ಟಿ ಸಮ ಮಾಡಿ ಒಳಗಿಡುತ್ತಾರೆ. ಆದರೂ ಮನೆಗೆ ಹೋಗುವ ಮೊದಲು ಹಾಳೆ ಬಿಡಿಸಿ ಎಣಿಸಿಕೊಳ್ಳಿ. ನಡುವೆ ಖಾಲಿ ಹಾಳೆ ಸೇರಿಕೊಂಡಿರಬಹುದು.

ದರ ಹೀಗಿದೆ: ಒಂದು ಬದಿಗೆ 2 ರೂಪಾಯಿ, ಹಿಂದೆ ಮುಂದೆ ಎರಡೂ ಆದರೆ 3. ಕಲರ್ 10. ಆಧಾರ್ ಕಾರ್ಡಿನ ಎರಡೂ ಮುಖ ಒಂದೇ ಹಾಳೆಯಲ್ಲಿ ಬೇಕಾದರೂ 3 ರೂಪಾಯಿಯೇ. ಪಾಸ್‌ಪೋರ್ಟ್ ಅಳತೆಯ 8 ಫೋಟೋಗೆ 60. ಇದಕ್ಕಿಂತ ಅಗ್ಗದ ಅಂಗಡಿ ಹತ್ತಿರದಲ್ಲೇ ಇದೆ. ಮಕ್ಕಳ ನೋಟ್ಸಿಗೆ ಅಲ್ಲಿಗೆ ಹೋಗಿ. ಸಿಕ್ಕಾ, ಸಹಿ, ಹಳೆ ಕಾಗದ ಇದ್ದರೆ ಕಾಕಾನ ಹತ್ತಿರ ಬನ್ನಿ. ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುತ್ತಾರೆ, ಆ ಒಂದು ತಾಸು ಆರಾಮಾಗಿ ಕೆಲಸ ಆಗುತ್ತದೆ. ಭಾನುವಾರ ಮಧ್ಯಾಹ್ನಕ್ಕೆ ಮುಚ್ಚುತ್ತಾರೆ. ಫೋನಿನಲ್ಲಿ ತೆಗೆದ ಅಂಕಪಟ್ಟಿಯ ಚಿತ್ರ ತರಬೇಡಿ, ಅಸಲಿ ತನ್ನಿ. ಮಕ್ಕಳು ಹೊರದೇಶಕ್ಕೆ ಹೊರಟಿದ್ದರೆ ಫೋಟೋದ ಅಳತೆ ಮೊದಲೇ ಕೇಳಿಕೊಂಡು ಬನ್ನಿ. ನನ್ನ ಮಗಳ ಕಾಲೇಜಿನವರು ‘ಟೂ ಬೈ ಟೂ’ ಕೇಳಿದ್ದರು, ಒಂದು ಡಜನ್ ಮಾಡಿಸಿ ಕಳಿಸಿದ್ದೇನೆ.